ಕಳ್ಳಿ ಕಾಡಿನ ದಾರಿಯಲ್ಲಿ ಅವ್ವ ಹುಡುಕಿದ ಸಸಿ

ನಾವಿರುವುದು ಅರಿಝೋನಾದ ಚಾಂಡ್ಲರ್‌ನಲ್ಲಿ, ಫೀನಿಕ್ಸ್ ಪಕ್ಕ. ಚಿಪ್ ಕಾರ್ಖಾನೆಗಳ ಊರು, ಹಾಗಾಗಿ ಕನ್ನಡದವರೂ ಜಾಸ್ತಿ. ನೆಂಟರು ಬಂದರೆ ಎಲ್ಲರ ಮನೆಯಲ್ಲೂ ಒಂದೇ ಪಟ್ಟಿ. ಒಂದು ದಿನ ಗ್ರ್ಯಾಂಡ್ ಕ್ಯಾನಿಯನ್, ಒಂದು ದಿನ ಸೆಡೋನಾ, ಆಮೇಲೆ ಟೂಸಾನ್ ಕಡೆ ಹೋಗಿ ಕಳ್ಳಿ ಕಾಡು. ಟೂಸಾನ್ ಊರಿನ ಪೂರ್ವಕ್ಕೊಂದು ತುಂಡು, ಪಶ್ಚಿಮಕ್ಕೊಂದು ತುಂಡು ಸೇರಿ ಸವಾರೊ ನ್ಯಾಷನಲ್ ಪಾರ್ಕ್. ಸವಾರೊ ಅನ್ನುವುದು ಇಲ್ಲಿನ ದೈತ್ಯ ಕಳ್ಳಿ. ಪೂರ್ವದ ತುಂಡಿನಲ್ಲಿ ಕ್ಯಾಕ್ಟಸ್ ಫಾರೆಸ್ಟ್ ಡ್ರೈವ್ ಅಂತ 8 ಮೈಲಿಯ ಸುತ್ತು ರಸ್ತೆ ಇದೆ. ಡಾಂಬರು ಹಾಕಿದ್ದು, ಬಹುಪಾಲು ಒಮ್ಮುಖ. ಏರುತ್ತಾ ಇಳಿಯುತ್ತಾ, ಹಳ್ಳಗಳನ್ನು ದಾಟುತ್ತಾ, ರಿಂಕನ್ ಬೆಟ್ಟಗಳ ಬುಡದವರೆಗೂ ಹೋಗಿ ವಾಪಸ್ ಬರುತ್ತದೆ. ಕಾರಿನಿಂದ ಇಳಿಯದೇ ಹೋದರೆ ಅರ್ಧ ಗಂಟೆ ಸಾಕು. ಹೆಚ್ಚಿನವರು ಹಾಗೇ ಮುಗಿಸುತ್ತಾರೆ. ಕೈಯಂಥ ಕೊಂಬೆ ಚಾಚಿ ನಿಂತ ಒಂದು ದೊಡ್ಡ ಸವಾರೊ ಸಿಕ್ಕಿದರೆ ಗಾಡಿ ನಿಲ್ಲಿಸಿ, ತಾವೂ ಕೈ ಎತ್ತಿ ನಿಂತು ಒಂದು ಫೋಟೋ. ಅಲ್ಲಿಗೆ ಕಳ್ಳಿ ಕಾಡು ನೋಡಿ ಆಯಿತು.

ಆ ಫೋಟೋದಲ್ಲಿ ತಪ್ಪೇನೂ ಇಲ್ಲ. 40, 50 ಅಡಿ ಎತ್ತರದ, ಆರು ಟನ್‌ವರೆಗೂ ತೂಗುವ ಒಂದು ಕಳ್ಳಿಯ ಪಕ್ಕ ನಿಂತಾಗ ಮನುಷ್ಯನಿಗೆ ಖುಷಿ ಆಗಲೇಬೇಕು. ಆದರೆ ಎಷ್ಟೋ ಸಲ ಆ ರಸ್ತೆ ಸುತ್ತಿದ ಮೇಲೂ ನನಗೊಂದು ವಿಷಯ ಕೊರೆಯುತ್ತಲೇ ಇದೆ. ಕಾರಿನ ಕಿಟಕಿಯಿಂದ ಕಾಣುವುದು ಈ ಕಾಡಿನ ಹಳೆಯ ಕಾಲ ಮಾತ್ರ. ಅದರ ಈವತ್ತು ಮತ್ತು ನಾಳೆ ಎರಡೂ ಕಿಟಕಿಯ ಎತ್ತರಕ್ಕೆ ಸಿಗುವುದೇ ಇಲ್ಲ. ಇದನ್ನು ನನಗೆ ತೋರಿಸಿಕೊಟ್ಟವಳು ಅವ್ವ, ಅದೂ ಒಂದು ಪ್ರಶ್ನೆ ಕೇಳಿ.

"ಸಸಿ ಎಲ್ಲಿ?"

ಅವ್ವ ಬಂದಿದ್ದು ಏಪ್ರಿಲ್‌ನಲ್ಲಿ. ಇಲ್ಲಿನ ಸೊನೋರಾ ಮರುಭೂಮಿ ನೋಡಲು ಅದಕ್ಕಿಂತ ಒಳ್ಳೆಯ ತಿಂಗಳು ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಪಾಲೊ ವರ್ಡೆ ಮರಗಳು ಎಲೆ ಕಾಣದಷ್ಟು ಹಳದಿ ಹೂ ಬಿಟ್ಟಿರುತ್ತವೆ. ಒಕೊಟಿಯೊ ಅನ್ನುವ ಉದ್ದನೆಯ ಮುಳ್ಳುಗಳೆ ಗಿಡ, ಅದು ಕಳ್ಳಿ ಜಾತಿಯದಲ್ಲ, ಪ್ರತಿ ಗಳೆಯ ತುದಿಗೂ ಕೆಂಪು ಹೂ ಮುಡಿದಿರುತ್ತದೆ. ಬಿಸಿಲಿದ್ದರೂ ಬೆಳಗಿನ ಹೊತ್ತು ಕಿಟಕಿ ಇಳಿಸಿಕೊಂಡು ಹೋಗಬಹುದು. ನಾನು ಓಡಿಸುತ್ತಿದ್ದೆ, ಅವ್ವ ಪಕ್ಕದಲ್ಲಿ ಕೂತಿದ್ದಳು. ಸೀಟ್ ಬೆಲ್ಟ್ ಅವಳಿಗೆ ಆಗಿಬರುವುದಿಲ್ಲ, ಅದನ್ನು ಒಂದು ಕೈಯಲ್ಲಿ ಹಿಡಿದು ಎಳೆದುಕೊಂಡೇ ಹೊರಗೆ ನೋಡುತ್ತಿದ್ದಳು. ನಮ್ಮದು ಚಳ್ಳಕೆರೆ ಕಡೆಯ ಹಳ್ಳಿ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಒಂದು. ಶೇಂಗಾ ಬಿತ್ತಿ, ಮುಗಿಲು ನೋಡಿ, ಒಣಗಿದ್ದನ್ನು ಕಿತ್ತು, ಮತ್ತೆ ಬಿತ್ತಿ ಬದುಕಿದವಳು ಅವಳು. ಒಣ ನೆಲ ಅವಳಿಗೆ ಹೊಸದಲ್ಲ. ಮುಳ್ಳು ಮೊದಲೇ ಹೊಸದಲ್ಲ.

ದೊಡ್ಡ ದೊಡ್ಡ ಸವಾರೊಗಳು ಬಂದವು, ಹೋದವು. ಐದಾರು ಕೈಗಳಿರುವುದು ಸಿಕ್ಕಾಗ ನಾನು ನಿಧಾನ ಮಾಡಿ ತೋರಿಸಿದೆ. ಅವಳು "ಹೂಂ" ಅಂದಳು ಅಷ್ಟೇ. ಕಣ್ಣು ಮಾತ್ರ ನೆಲದ ಮೇಲೆ. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು. "ಎಲ್ಲಾ ದೊಡ್ಡವೇ ಅವೆ ಕಣೇ. ಸಸಿ ಎಲ್ಲಿ?"

"ಇರ್ತವೆ ಅವ್ವ, ಇಷ್ಟು ದೊಡ್ಡ ಕಾಡು."

"ಎಲ್ಲಿ ಅವೆ? ಆಗ್ಲಿಂದ ನೋಡ್ತಾ ಇದೀನಿ, ಒಂದೂ ಕಾಣ್ಲಿಲ್ಲ. ಸಸಿ ಇಲ್ದಿರೋ ತೋಪು ಮುಗೀತು ಅಂತ್ಲೇ ಲೆಕ್ಕ."

ನಾನು ಗಾಡಿ ನಿಲ್ಲಿಸಿದೆ. ಆ ಸುತ್ತಿನಲ್ಲೇ ಡೆಸರ್ಟ್ ಇಕಾಲಜಿ ಟ್ರೇಲ್ ಅಂತ ಒಂದು ಪುಟ್ಟ ಕಾಲುದಾರಿ ಇದೆ. ನೆಲಕ್ಕೆ ಡಾಂಬರು ಹಾಕಿದ್ದಾರೆ, ವಯಸ್ಸಾದವರೂ ಆರಾಮಾಗಿ ನಡೆಯಬಹುದು. ಅವ್ವ ಇಳಿದು ಸೀರೆ ನೆರಿಗೆ ಸ್ವಲ್ಪ ಎತ್ತಿ ಸಿಕ್ಕಿಸಿಕೊಂಡಳು. ನಾಲ್ಕು ಹೆಜ್ಜೆ ಹೋದವಳು ದಾರಿ ಬದಿಯ ಒಂದು ಮರದ ಹತ್ತಿರ ನಿಂತಳು. ಕೊಂಬೆ ಬಗ್ಗಿಸಿ ಎಲೆ ನೋಡಿದಳು, ಮುಳ್ಳು ನೋಡಿದಳು, ಎಳೆ ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿದಳು. "ಇದು ನಮ್ಮ ಬಳ್ಳಾರಿ ಜಾಲಿ ಅಲ್ವೇನೇ!" ಅಂದಳು. ದನಿಯಲ್ಲಿ ಸಂತೋಷ ಇರಲಿಲ್ಲ. ಆ ಗಿಡದ ಮೇಲೆ ಅವಳಿಗೆ ಜನ್ಮದ ಸಿಟ್ಟು. ನಮ್ಮ ಹೊಲದ ಬದು, ಕೆರೆಯ ಅಂಗಳ, ಊರ ಗೋಮಾಳ, ಎಲ್ಲವನ್ನೂ ಅದು ನುಂಗಿದ್ದನ್ನು ಕಣ್ಣಾರೆ ಕಂಡವಳು.

ಆಮೇಲೆ ಅವಳು ಕೂತಳು. ಅಲ್ಲೇ ದಾರಿ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ತಗ್ಗಿದ ಕೊಂಬೆಗಳ ಸಂದಿಯಲ್ಲಿ ಇಣುಕಿದಳು. ಒಂದು ಕ್ಷಣ ಬಿಟ್ಟು ನನ್ನ ಕೈ ಹಿಡಿದು ಕೆಳಗೆ ಎಳೆದಳು. ಇಲ್ಲಿನವರು ಮೆಸ್ಕೀಟ್ ಅನ್ನುವ ಆ ಮರದ ಬುಡದಲ್ಲಿ, ಒಣಗಿದ ಸೊಪ್ಪು ಸದೆಯ ನಡುವೆ, ಗೇಣುದ್ದದ ಒಂದು ಸವಾರೊ. ಮೈತುಂಬ ಮುಳ್ಳು. ಅದರ ಆಚೆ ಇನ್ನೊಂದು, ಮುಷ್ಟಿ ಗಾತ್ರದ್ದು. "ಇಲ್ಲಿ ಬಚ್ಚಿಟ್ಕೊಂಡೈತೆ ನೋಡು" ಅಂದಳು. ಬೆಳಗಿನಿಂದ ಅವಳ ಮುಖದಲ್ಲಿ ನಗು ಬಂದಿದ್ದು ಆಗಲೇ.

ಮುಳ್ಳುಮರದ ಮಡಿಲು

ಸವಾರೊ ಹಣ್ಣೊಂದರಲ್ಲಿ ಸುಮಾರು 2,000 ಬೀಜಗಳಿರುತ್ತವೆ. ಒಂದು ಗಿಡ ತನ್ನ ಜೀವಮಾನದಲ್ಲಿ ಕೋಟಿಗಟ್ಟಲೆ ಬೀಜ ಉದುರಿಸುತ್ತದೆ. ಬಯಲಿಗೆ ಬಿದ್ದವು ಹಕ್ಕಿಗೆ, ಇರುವೆಗೆ, ಇಲಿಗೆ. ಮೊಳೆತರೂ ಜೂನ್ ಬಿಸಿಲಿಗೆ ಸುಟ್ಟು ಹೋಗುತ್ತವೆ, ಇಲ್ಲವೇ ಜನವರಿಯ ಚಳಿಗೆ ಸಾಯುತ್ತವೆ. ಬದುಕುವುದು ಯಾವುದಾದರೂ ಮರದ ಅಡಿಯಲ್ಲಿ ಬಿದ್ದದ್ದು. ಹಣ್ಣು ತಿಂದ ಹಕ್ಕಿ ಪಾಲೊ ವರ್ಡೆ ಮೇಲೋ, ಮೆಸ್ಕೀಟ್ ಮೇಲೋ, ಐರನ್‌ವುಡ್ ಮೇಲೋ ಬಂದು ಕೂರುತ್ತದೆ, ಹಿಕ್ಕೆಯಲ್ಲಿ ಬೀಜ ಬೀಳುತ್ತದೆ. ಮರ ಹಗಲು ನೆರಳು ಕೊಡುತ್ತದೆ, ರಾತ್ರಿ ನೆಲದ ಬಿಸಿಯನ್ನು ಮೇಲಕ್ಕೆ ಹಾರಿಹೋಗಲು ಬಿಡದೆ ಹಿಡಿದಿಡುತ್ತದೆ. ಮುಳ್ಳು ಕೊಂಬೆಗಳು ಮೊಲವನ್ನು, ದನವನ್ನು ದೂರ ಇಡುತ್ತವೆ. ಇಂಥ ಮರಕ್ಕೆ ಇಲ್ಲಿನವರು ದಾದಿ ಮರ ಅಂತಲೇ ಹೇಳುತ್ತಾರೆ.

ಅಷ್ಟೆಲ್ಲಾ ಸಿಕ್ಕರೂ ಬೆಳವಣಿಗೆ ನಂಬಲಾಗದಷ್ಟು ನಿಧಾನ. ಈ ಪಾರ್ಕಿನಲ್ಲಿ ಅಳೆದು ನೋಡಿದವರ ಲೆಕ್ಕದಲ್ಲಿ ಮೊದಲ 8 ವರ್ಷಕ್ಕೆ ಒಂದರಿಂದ ಒಂದೂವರೆ ಇಂಚು. ಮೊದಲ ಹೂ ಬಿಡಲು ಸುಮಾರು 35 ವರ್ಷ. ಮೊದಲ ಕೈ ಮೂಡುವುದು 50ರಿಂದ 75 ವರ್ಷಕ್ಕೆ, ಇನ್ನೂ ಒಣ ಜಾಗದಲ್ಲಿ 100 ವರ್ಷಕ್ಕೆ. ಅವ್ವ ಕಂಡ ಆ ಗೇಣುದ್ದದ ಸಸಿ ನಾನು ಅಮೆರಿಕಕ್ಕೆ ಕಾಲಿಡುವ ಮೊದಲೇ ಅಲ್ಲಿ ಇದ್ದಿರಬೇಕು. ಫೋಟೋ ತೆಗೆಸಿಕೊಳ್ಳುವ ದೊಡ್ಡ ಸವಾರೊ ಅಂದರೆ ಅದು ಮೊಳೆತಾಗ ಕಾರೇ ಇರಲಿಲ್ಲ, ಅರಿಝೋನಾ ಒಂದು ರಾಜ್ಯವೂ ಆಗಿರಲಿಲ್ಲ. ಅದು ಆಗಿದ್ದು 1912ರಲ್ಲಿ. ಆ ಕಾಲದಲ್ಲಿ ಸಾಲಾಗಿ ಎರಡು ಮೂರು ವರ್ಷ ಒಳ್ಳೆಯ ಮಳೆ ಬಿದ್ದು, ದೊಡ್ಡ ಚಳಿ ಬೀಳದೆ, ಒಂದು ಮುಳ್ಳುಮರದ ನೆರಳು ಸಿಕ್ಕಿದ್ದರಿಂದ ಇವತ್ತು ಅದು ನಮ್ಮ ಫೋಟೋದಲ್ಲಿದೆ. ನಾವು ಆ ರಸ್ತೆಯಲ್ಲಿ ನೋಡುವುದು ನಮ್ಮ ಮುತ್ತಜ್ಜನ ಕಾಲದ ಮಳೆಯನ್ನು.

ಇನ್ನೊಂದು ವಿಚಿತ್ರವಿದೆ. ಸವಾರೊ ಬೇರು ಬಹುಪಾಲು ನಾಲ್ಕರಿಂದ ಆರು ಇಂಚು ಆಳದಲ್ಲೇ ಹರಡುತ್ತದೆ, ಗಿಡ ಎಷ್ಟು ಎತ್ತರವೋ ಸುತ್ತಲೂ ಅಷ್ಟು ದೂರ. ಮಳೆ ಬಂದ ಕೂಡಲೇ ಮೇಲಿನ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ಕಾಂಡದ ಉದ್ದಕ್ಕೂ ಇರುವ ಮಡಿಕೆಗಳು ಹಾರ್ಮೋನಿಯಂ ತಿದಿಯ ಹಾಗೆ ಬಿಚ್ಚಿಕೊಳ್ಳುತ್ತವೆ, ಬರ ಬಂದಾಗ ಮತ್ತೆ ಮುದುಡುತ್ತವೆ. ಮೆಸ್ಕೀಟ್ ಇದಕ್ಕೆ ತದ್ವಿರುದ್ಧ. ಟೂಸಾನ್ ಹತ್ತಿರದ ಒಂದು ತೆರೆದ ಗಣಿಯಲ್ಲಿ ಅದರ ಬೇರು 50 ಮೀಟರ್‌ಗಿಂತ ಆಳದಲ್ಲಿ ಸಿಕ್ಕಿತ್ತು. ಮೆಸ್ಕೀಟ್ ಹೀಗೆ ಆಳದಿಂದ ಕುಡಿಯುತ್ತದೆ. ಪಾಲೊ ವರ್ಡೆ ಮರದ ಬೇರು ಅಷ್ಟು ಆಳದ್ದಲ್ಲ, ಅದಕ್ಕೂ ಮೇಲಿನ ನೀರೇ ಬೇಕು. ತನ್ನ ಅಡಿಯಲ್ಲಿ ಬೆಳೆದ ಸವಾರೊ ದೊಡ್ಡದಾದ ಮೇಲೆ ಆ ಮರಕ್ಕೆ ನೀರು ಸಾಲದೆ ಸೊರಗುತ್ತದೆ, ಎಷ್ಟೋ ಸಲ ಸತ್ತೂ ಹೋಗುತ್ತದೆ. ರಸ್ತೆ ಬದಿಯಲ್ಲಿ ದೊಡ್ಡ ಸವಾರೊ ಬುಡದಲ್ಲಿ ಒಣಗಿದ ಮರದ ಬೊಡ್ಡೆ ಕಂಡರೆ ಅದು ಹೆಚ್ಚಾಗಿ ಅದನ್ನು ಸಾಕಿದ ಮರ. ಇದನ್ನು ಹೇಳಿದಾಗ ಅವ್ವ ಏನೂ ಮಾತಾಡಲಿಲ್ಲ. ವಾಪಸ್ ಬರುವಾಗ ಕಾರಿನಿಂದ ಅಂಥ ಬೊಡ್ಡೆಗಳನ್ನು ಮಾತ್ರ ಒಂದೊಂದಾಗಿ ತೋರಿಸುತ್ತಾ ಬಂದಳು.

ಅಂದ ಹಾಗೆ ಅವ್ವನ ಗುರುತು ಸರಿಯಾಗಿಯೇ ಇತ್ತು. ಮೆಸ್ಕೀಟ್ ಮತ್ತು ನಮ್ಮ ಬಳ್ಳಾರಿ ಜಾಲಿ ತೀರಾ ಹತ್ತಿರದ ನೆಂಟರು, ದಸರೆಯಲ್ಲಿ ನಾವು ಎಲೆ ಹಂಚುವ ಬನ್ನಿಗೂ ನಂಟು. ಬಳ್ಳಾರಿ ಜಾಲಿಯೂ ಅಮೆರಿಕ ಖಂಡದಿಂದಲೇ ನಮ್ಮಲ್ಲಿಗೆ ಬಂದಿದ್ದು, 1870ರ ದಶಕದಲ್ಲಿ. ಸೌದೆಗೆ ಆಗಲಿ, ಬೋಳು ನೆಲ ಹಸಿರಾಗಲಿ ಅಂತ ತಂದರು. ಇಲ್ಲಿ ಮೆಸ್ಕೀಟ್ ಕಾಯಿಯನ್ನು ಒಣಗಿಸಿ, ಕುಟ್ಟಿ, ಹಿಟ್ಟು ಮಾಡಿ ತಿಂದು ತಲೆಮಾರುಗಳು ಬದುಕಿವೆ. ಅದೇ ಬಳಗದ ಮರ ನಮ್ಮ ಹೊಲಗಳನ್ನು ಹಾಳು ಮಾಡಿತು. ಅವ್ವನ ಸಿಟ್ಟೂ ನಿಜ, ಆ ನೆರಳಲ್ಲಿ ಅವಳು ಕಂಡದ್ದೂ ನಿಜ.

ಸುಣ್ಣದ ಗೂಡು ಹೇಳುವ ಕತೆ

ಅವ್ವನ ಪ್ರಶ್ನೆಯನ್ನು ಅವಳಿಗಿಂತ ಮೊದಲೇ ಕೇಳಿದವರಿದ್ದಾರೆ, ಬಹಳ ಗಾಬರಿಯಿಂದ ಕೇಳಿದ್ದಾರೆ. ಈ ಜಾಗವನ್ನು ಉಳಿಸಬೇಕು ಅಂತ ಹಟ ಹಿಡಿದವರಲ್ಲಿ ಅರಿಝೋನಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಹೋಮರ್ ಶಾಂಟ್ಜ್ ಮುಖ್ಯರು. 1933ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಹೂವರ್ ಇದನ್ನು ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು. ಪಶ್ಚಿಮದ ಭಾಗ ಸೇರಿದ್ದು 1961ರಲ್ಲಿ, ನ್ಯಾಷನಲ್ ಪಾರ್ಕ್ ಆಗಿದ್ದು 1994ರಲ್ಲಿ. 1930ರ ದಶಕದ ಫೋಟೋಗಳಲ್ಲಿ ಪೂರ್ವ ಭಾಗ ನೋಡಿದರೆ ಮೈ ಜುಮ್ಮೆನ್ನುತ್ತದೆ. ಇವತ್ತಿಗಿಂತ ಎಷ್ಟೋ ದಟ್ಟ, ಎಲ್ಲವೂ ಕೈಗಳಿರುವ ದೈತ್ಯ ಗಿಡಗಳು. ಆದರೆ ಬುಡದಲ್ಲಿ ಏನೂ ಇಲ್ಲ. ಸಸಿಗಳೂ ಇಲ್ಲ, ಸಸಿ ಸಾಕುವ ಮರಗಳೂ ತೀರಾ ಕಡಿಮೆ.

ಮರ ಏನಾದವು ಅನ್ನುವುದಕ್ಕೆ ಸಾಕ್ಷಿ ಆ ಸುತ್ತು ರಸ್ತೆಯ ಒಳಗೇ ಇದೆ. ಕ್ಯಾಕ್ಟಸ್ ಫಾರೆಸ್ಟ್ ಟ್ರೇಲ್ ಅನ್ನುವ ಕಾಲುದಾರಿಯಲ್ಲಿ ನಡೆದರೆ ಹಳೆಯ ಸುಣ್ಣದ ಗೂಡುಗಳು ಸಿಗುತ್ತವೆ. ಕಲ್ಲು ಕಟ್ಟಿದ ದುಂಡನೆಯ ಗೂಡು, ಈಗ ಅರ್ಧ ಕುಸಿದಿದೆ. 19ನೇ ಶತಮಾನದ ಕೊನೆಯಿಂದ ಟೂಸಾನ್ ಊರು ಬೆಳೆಯುತ್ತಿತ್ತು, ಗೋಡೆಗೆ ಗಾರೆಗೆ ಸುಣ್ಣ ಬೇಕಿತ್ತು. ಸುಣ್ಣದ ಕಲ್ಲು ಇಲ್ಲೇ ಇತ್ತು. ಅದನ್ನು ಬೇಯಿಸಲು ದಿನಗಟ್ಟಲೆ ಉರಿ ಬೇಕು. ಸುತ್ತಲಿನ ಮೆಸ್ಕೀಟ್, ಪಾಲೊ ವರ್ಡೆ ಎಲ್ಲಾ ಆ ಉರಿಗೆ ಹೋದವು. ಸವಾರೊಗೆ ಯಾರೂ ಕೈ ಹಚ್ಚಲಿಲ್ಲ, ಅದು ಸೌದೆಗೆ ಆಗುವುದಿಲ್ಲ. ಅದರ ಮೇಲೆ ದನ ಮೇಯಿಸುವುದು ಬೇರೆ. ಉಳಿದ ಸಸಿಗಳು ಗೊರಸಿಗೆ ಸಿಕ್ಕಿ ಹೋದವು. ಹೀಗೆ ದೊಡ್ಡವರು ಮಾತ್ರ ಇರುವ ಒಂದು ಕಾಡು ತಯಾರಾಯಿತು. ಅದನ್ನು ನೋಡಿಯೇ ಜನ ಬೆರಗಾಗಿ ಇದನ್ನು ಉಳಿಸಬೇಕು ಅಂದರು.

ಉಳಿಸಿದ ಸ್ವಲ್ಪ ವರ್ಷಕ್ಕೇ ಆ ದೊಡ್ಡ ಗಿಡಗಳು ಸಾಯತೊಡಗಿದವು. 1937ರ ಜನವರಿಯಲ್ಲಿ ದೊಡ್ಡ ಚಳಿ ಬಿತ್ತು. ಆಮೇಲೆ ಗಿಡಗಳಲ್ಲಿ ಕಪ್ಪು ರಸ ಸುರಿದು ಕೊಳೆಯುವುದು ಶುರುವಾಯಿತು. ಇದು ಯಾವುದೋ ಬ್ಯಾಕ್ಟೀರಿಯಾ ರೋಗ ಅಂತ ತಿಳಿದು 1940ರ ದಶಕದಲ್ಲಿ ಕೊಳೆತ ಗಿಡಗಳನ್ನು ಕಡಿದು ಹೂಳಿದ್ದೂ ಆಯಿತು. ಏನೂ ಪ್ರಯೋಜನವಾಗಲಿಲ್ಲ. ಶತಮಾನ ಮುಗಿಯುವಷ್ಟರಲ್ಲಿ ಈ ಕಾಡೇ ಇರುವುದಿಲ್ಲ ಅನ್ನುವ ಮಾತು ಬಂತು. ಚಳಿಯ ಹೊಡೆತಕ್ಕೆ ಸಿಕ್ಕ ಮುದಿ ಗಿಡಗಳು ವರ್ಷಗಳ ಮೇಲೆ ಸಾಯುತ್ತವೆ, ಕೊಳೆಯುವುದು ಆ ಸಾವಿನ ಕೊನೆಯ ಹಂತ ಅಷ್ಟೇ ಅಂತ ಅರ್ಥವಾಗಿದ್ದು ಬಹಳ ತಡವಾಗಿ.

ಕಾಡು ಮುಗಿಯಲಿಲ್ಲ. ಸುಣ್ಣದ ಗೂಡು 1920ರ ಹೊತ್ತಿಗೇ ಆರಿತ್ತು. ದನ ಮೇಯಿಸುವುದು ಹಂತಹಂತವಾಗಿ ಕಡಿಮೆಯಾಗಿ 1970ರ ದಶಕ ಮುಗಿಯುವ ಹೊತ್ತಿಗೆ ಪೂರ್ತಿ ನಿಂತಿತು. ಮುಳ್ಳುಮರಗಳು ಮತ್ತೆ ಚಿಗುರಿದವು. ಅವುಗಳ ಅಡಿಯಲ್ಲಿ, 1960ರಿಂದ 80ರ ದಶಕದ ಒಳ್ಳೆಯ ಮಳೆಗಳಲ್ಲಿ, ಸವಾರೊ ಸಸಿಗಳು ಎದ್ದವು. ಈಗ ಆ ರಸ್ತೆಯಲ್ಲಿ ಹೋಗುವಾಗ ಪಾಲೊ ವರ್ಡೆ ಕೊಂಬೆಗಳ ನಡುವಿನಿಂದ ತಲೆ ಎತ್ತಿದ, ಇನ್ನೂ ಒಂದು ಕೈಯೂ ಮೂಡದ, ಆಳೆತ್ತರದ, ಎರಡಾಳೆತ್ತರದ ನೆಟ್ಟನೆಯ ಗಿಡಗಳು ಕಾಣುತ್ತವೆ. ಯಾರೂ ಅವುಗಳ ಪಕ್ಕ ಫೋಟೋ ತೆಗೆಸಿಕೊಳ್ಳುವುದಿಲ್ಲ. ಆ ಇಡೀ ದಾರಿಯಲ್ಲಿ ನನಗೆ ಅತ್ಯಂತ ಇಷ್ಟ ಅವೇ. ಒಂದು ನೆಲಕ್ಕೆ ಕೊಟ್ಟ ಪೆಟ್ಟನ್ನು ನಿಲ್ಲಿಸಿದರೆ, ಅರ್ಧ ಶತಮಾನ ಕಾದರೆ, ಏನಾಗುತ್ತದೆ ಅನ್ನುವುದು ಅಲ್ಲಿ ನಿಂತಿದೆ.

ಆದರೂ ಅವ್ವನ ಆತಂಕ ಇಷ್ಟಕ್ಕೇ ತೀರುವುದಿಲ್ಲ. ಪಾರ್ಕಿನವರು ಹತ್ತು ವರ್ಷಕ್ಕೊಮ್ಮೆ ಗಣತಿ ಮಾಡುತ್ತಾರೆ. ಒಟ್ಟು ಸುಮಾರು 20 ಲಕ್ಷ ಸವಾರೊ ಇವೆ ಅನ್ನುವುದು ಅಂದಾಜು. ಕೇಳಲು ಸಮಾಧಾನ. ಆದರೆ 1990ರ ದಶಕದಿಂದ ಬರ ಬಿಡದೆ ಕಾಡುತ್ತಿದೆ, ಅಲ್ಲಿಂದೀಚೆಗೆ ಮೊಳೆತು ಉಳಿದ ಸಸಿಗಳು ತುಂಬಾ ಕಡಿಮೆ. ಗೇಣುದ್ದದವು ಹುಡುಕಿದರೆ ಸಿಗುತ್ತವೆ. ಹೆಬ್ಬೆರಳಷ್ಟಿನವು ಸಿಗುವುದು ಬಹಳ ಅಪರೂಪ. 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸಾಲಾಗಿ 31 ದಿನ 43 ಡಿಗ್ರಿ ದಾಟಿತು. ರಾತ್ರಿಯೂ ಬಿಸಿ ಇಳಿಯಲಿಲ್ಲ. ಸವಾರೊ ಉಸಿರಾಡುವುದೇ ರಾತ್ರಿ. ಹಗಲು ರಂಧ್ರ ಮುಚ್ಚಿಕೊಂಡು ನೀರು ಉಳಿಸಿ, ಕತ್ತಲಾಗಿ ತಂಪಾದ ಮೇಲೆ ತೆರೆಯುತ್ತದೆ. ತಂಪೇ ಆಗದಿದ್ದರೆ ಅದು ಏನು ಮಾಡಬೇಕು? ಆ ಬೇಸಿಗೆಯಲ್ಲಿ ನಗರದ ಒಳಗಿನ ಎಷ್ಟೋ ದೊಡ್ಡ ಸವಾರೊಗಳು ಕೈ ಕಳಚಿಕೊಂಡವು, ಕೆಲವು ಬುಡಸಮೇತ ಉರುಳಿದವು. ನಮ್ಮ ಬಡಾವಣೆಯ ತಿರುವಿನಲ್ಲಿದ್ದ ಒಂದು ಹಾಗೆ ಬಿತ್ತು. ಮಾರನೆಯ ದಿನ ಅದನ್ನು ತುಂಡು ಮಾಡಿ ಸಾಗಿಸುವಾಗ ಅಕ್ಕಪಕ್ಕದವರೆಲ್ಲ ಮನೆಯಿಂದ ಆಚೆ ಬಂದು ನಿಂತಿದ್ದರು.

ಜೂನ್ ಬೆಳಗು, ಕೆಂಪು ಸಿಪ್ಪೆ

ಪಶ್ಚಿಮದ ತುಂಡಿನಲ್ಲಿರುವ ದಾರಿ ಬಜಾಡಾ ಲೂಪ್. ಆರು ಮೈಲಿಯ ಮಣ್ಣಿನ ರಸ್ತೆ, ಗಾಡಿ ಗಡಗಡ ಅನ್ನುತ್ತದೆ, ಧೂಳು ಏಳುತ್ತದೆ. ಅಲ್ಲಿ ಸವಾರೊಗಳು ಪೂರ್ವಕ್ಕಿಂತ ದಟ್ಟ. ಸಿಗ್ನಲ್ ಹಿಲ್ ಅನ್ನುವ ಪುಟ್ಟ ಗುಡ್ಡದ ಬಂಡೆಗಳ ಮೇಲೆ ಹಿಂದೆ ಇಲ್ಲಿ ಬಾಳಿದ ಹೊಹೊಕಮ್ ಜನ ಕೊರೆದ ಸುರುಳಿಗಳಿವೆ. ನಾನು ಅಲ್ಲಿಗೆ ಜೂನ್ ಕೊನೆಯಲ್ಲಿ ಹೋಗುತ್ತೇನೆ. ಜೂನ್‌ನಲ್ಲಿ ಮರುಭೂಮಿಗಾ ಅಂತ ಎಲ್ಲರೂ ಬೈಯುತ್ತಾರೆ. ಸೂರ್ಯ ಹುಟ್ಟುವಷ್ಟರಲ್ಲಿ ಅಲ್ಲಿದ್ದು, ಎಂಟು ಗಂಟೆಗೆ ವಾಪಸ್ ಹೊರಟುಬಿಡಬೇಕು. ಹೋಗುವುದು ಹಣ್ಣು ನೋಡಲು.

ಸವಾರೊ ಹೂ ರಾತ್ರಿ ಅರಳುತ್ತದೆ, ಮರುದಿನ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ಬಾವಲಿ, ಬಿಳಿರೆಕ್ಕೆಯ ಪಾರಿವಾಳ, ಜೇನು, ಎಲ್ಲಾ ಬಂದು ಹೋದ ಮೇಲೆ ಕಾಯಿ ಕಟ್ಟಿ, ಜೂನ್ ಕೊನೆಗೆ ಹಣ್ಣಾಗಿ ಒಡೆಯುತ್ತದೆ. ಒಳಗೆ ಕಡುಗೆಂಪು ತಿರುಳು, ಕಪ್ಪು ಬೀಜ. ಬೇರೆಲ್ಲಾ ಒಣಗಿ ಕಮರಿದ ತಿಂಗಳಲ್ಲಿ ಅಷ್ಟು ಎತ್ತರದಲ್ಲಿ ಆ ಕೆಂಪು. ಟೊಹೊನೊ ಓಡಮ್ ಜನಕ್ಕೆ ಇದು ಸುಗ್ಗಿ. ಈ ನೆಲ ಮೊದಲಿನಿಂದ ಅವರದು. ಈಗಲೂ ಟೂಸಾನ್‌ನ ಪಶ್ಚಿಮಕ್ಕೆ ಅವರ ದೊಡ್ಡ ಸೀಮೆ ಇದೆ, ಪಾರ್ಕಿನ ಈ ಭಾಗದಲ್ಲೂ ಹಣ್ಣು ಕೊಯ್ಯುವ ಹಕ್ಕನ್ನು ಉಳಿಸಿಕೊಂಡಿದ್ದಾರೆ. ಸತ್ತ ಸವಾರೊದ ಒಳಗಿನ ಉದ್ದನೆಯ ಗಳೆಗಳನ್ನೇ ಜೋಡಿಸಿ ಕಟ್ಟಿ, ತುದಿಗೊಂದು ಅಡ್ಡಕಡ್ಡಿ ಬಿಗಿದು ದೋಟಿ ಮಾಡುತ್ತಾರೆ. ಬಿದ್ದ ಹಣ್ಣನ್ನು ಅದಕ್ಕೇ ಅಂಟಿದ ಒಣ ಹೂವಿನ ಗಟ್ಟಿ ತೊಟ್ಟಿನಿಂದ ಸೀಳುತ್ತಾರೆ. ತಿರುಳನ್ನು ಕಾಯಿಸಿ ಕಾಕಂಬಿ ಮಾಡುತ್ತಾರೆ. ಅದನ್ನು ಹುಳಿಸಿ ಮಾಡಿದ ಪಾನೀಯ ಕುಡಿದು ಮಳೆ ಕರೆಯುವ ಆಚರಣೆ ನಡೆಯುತ್ತದೆ. ಅವರ ಹೊಸ ವರ್ಷ ಶುರುವಾಗುವುದು ಅಲ್ಲಿಂದ. ಸವಾರೊ ಅವರಿಗೆ ಗಿಡ ಮಾತ್ರ ಆಗಿಲ್ಲ. ಅವೂ ಜನರೇ, ತಮ್ಮವರೇ.

ಒಂದು ಬೆಳಗ್ಗೆ ರಸ್ತೆಯಿಂದ ಸ್ವಲ್ಪವೇ ಒಳಗೆ ಒಂದು ದೊಡ್ಡ ಸವಾರೊ ಬುಡದಲ್ಲಿ ಬರಿದಾದ ಹಣ್ಣಿನ ಸಿಪ್ಪೆಗಳನ್ನು ಕಂಡೆ. ಕೆಂಪು ಒಳಮೈ ಮುಗಿಲಿಗೆ ತೋರಿಸುವಂತೆ ಒಂದೊಂದನ್ನೂ ಅಂಗಾತ ಇಟ್ಟಿದ್ದರು. ಮಳೆ ಬೇಗ ಬರಲಿ ಅಂತ ಅವರು ಹಾಗೆ ಇಡುತ್ತಾರೆ. ನಾನು ಮುಟ್ಟಲಿಲ್ಲ, ಫೋಟೋವನ್ನೂ ತೆಗೆಯಲಿಲ್ಲ. ನಮ್ಮೂರಲ್ಲಿ ಮಳೆ ಹಿಂದೆ ಸರಿದ ವರ್ಷ ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಿದ್ದೆವು. ಪ್ರತಿ ಮನೆಯವರೂ ಹೊತ್ತ ಹುಡುಗನ ತಲೆ ಮೇಲೆ ಒಂದು ಬಿಂದಿಗೆ ನೀರು ಸುರಿಯುತ್ತಿದ್ದರು. ಕುಡಿಯುವ ನೀರಿಗೇ ಪರದಾಡುವ ತಿಂಗಳಲ್ಲಿ ಒಂದು ಬಿಂದಿಗೆ. ಅಲ್ಲಿ ನಿಂತಾಗ ಅದೆಲ್ಲಾ ನೆನಪಾಯಿತು. ಇಲ್ಲೂ ಮಳೆಗಾಲಕ್ಕೆ ಮಾನ್ಸೂನ್ ಅಂತಲೇ ಹೇಳುತ್ತಾರೆ, ಲೆಕ್ಕಕ್ಕೆ ಜೂನ್ 15ರಿಂದ ಶುರು. ಮೊದಲ ಮಳೆಗೆ ಕ್ರಿಯೊಸೋಟ್ ಗಿಡದಿಂದ ಏಳುವ ವಾಸನೆ ಒಂದು ಸಲ ಮೂಗಿಗೆ ಬಿದ್ದರೆ ಯಾರೂ ಮರೆಯುವುದಿಲ್ಲ.

ಹುಲ್ಲು

ಇಷ್ಟು ದಿನ ಈ ಬರಹ ಬರೆಯಬೇಕು ಅಂದುಕೊಂಡು ಮುಂದೂಡುತ್ತಿದ್ದೆ. ಈಗ ಬರೆಯಲು ಕಾರಣ ಒಂದು ಹುಲ್ಲು. ಇಲ್ಲಿ ಅದಕ್ಕೆ ಬಫೆಲ್ ಗ್ರಾಸ್ ಅನ್ನುತ್ತಾರೆ. ಆಫ್ರಿಕಾ, ಪಶ್ಚಿಮ ಏಷ್ಯಾ, ನಮ್ಮ ಭಾರತ, ಇವೇ ಅದರ ತವರು. ನಮ್ಮ ಕಡೆ ಮೇವಿನ ಬಗ್ಗೆ ತಿಳಿದವರು ಅಂಜನ್ ಹುಲ್ಲು ಅನ್ನುತ್ತಾರೆ, ಬರಕ್ಕೆ ಬಗ್ಗದ ಒಳ್ಳೆಯ ಮೇವು. 1930ರ ದಶಕದಲ್ಲಿ ದನಕ್ಕೆ ಮೇವಾಗಲಿ, ಮಣ್ಣು ಕೊಚ್ಚಿ ಹೋಗದಿರಲಿ ಅಂತ ಅರಿಝೋನಾಕ್ಕೆ ತಂದರು. ಬಳ್ಳಾರಿ ಜಾಲಿ ನಮ್ಮಲ್ಲಿಗೆ ಬಂದಾಗಲೂ ಇಂಥದ್ದೇ ಒಳ್ಳೆಯ ಉದ್ದೇಶ ಇತ್ತು. ಪಾಪಾಸುಕಳ್ಳಿಯದೂ ಉದ್ದ ಕತೆ. ಆ ಕಳ್ಳಿಯ ತವರು ಅಮೆರಿಕ. ಅದರ ಮೇಲೆ ಬದುಕುವ ಒಂದು ಪುಟ್ಟ ಕೀಟದಿಂದ ಕಡುಗೆಂಪು ಬಣ್ಣ ತೆಗೆಯುವ ಆಸೆಗೆ ಈಸ್ಟ್ ಇಂಡಿಯಾ ಕಂಪನಿ 1795ರಲ್ಲಿ ಬ್ರೆಜಿಲ್‌ನಿಂದ ಕೀಟವನ್ನು ಭಾರತಕ್ಕೆ ತರಿಸಿತು. ಬಂದದ್ದು ಬೇರೆ ಜಾತಿಯದು. ಬಣ್ಣ ಸರಿಯಾಗಿ ಸಿಗಲಿಲ್ಲ, ಕೀಟ ಮಾತ್ರ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಸೀಮೆಗಟ್ಟಲೆ ತಿಂದು ಮುಗಿಸಿತು.

ಬಫೆಲ್ ಹುಲ್ಲಿನ ಅಪಾಯ ಬೆಂಕಿ. ಸೊನೋರಾ ಮರುಭೂಮಿಯಲ್ಲಿ ಒಂದು ಗಿಡಕ್ಕೂ ಇನ್ನೊಂದಕ್ಕೂ ನಡುವೆ ಬೋಳು ನೆಲ ಇರುತ್ತದೆ. ಸಿಡಿಲಿಗೆ ಒಂದು ಹತ್ತಿಕೊಂಡರೂ ಬೆಂಕಿ ಅಲ್ಲೇ ಆರುತ್ತದೆ. ಅದಕ್ಕೇ ಸವಾರೊಗೆ, ಪಾಲೊ ವರ್ಡೆಗೆ ಬೆಂಕಿ ತಾಳುವ ಶಕ್ತಿಯೇ ಬೆಳೆದಿಲ್ಲ. ಈ ಹುಲ್ಲು ಆ ಬೋಳು ನೆಲವನ್ನು ತುಂಬುತ್ತದೆ, ಒಣಗುತ್ತದೆ, ಬೆಂಕಿಯನ್ನು ಗುಡ್ಡದ ಉದ್ದಕ್ಕೂ ಕೊಂಡೊಯ್ಯುತ್ತದೆ. 150 ವರ್ಷದ ಸವಾರೊ, ಅದರ ಪಕ್ಕದ ಮರ, ಆ ಮರದಡಿಯ ಸಸಿ, ಮೂರೂ ಒಟ್ಟಿಗೆ ಹೋಗುತ್ತವೆ. ಹುಲ್ಲು ಮಾತ್ರ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಕ್ಯಾಕ್ಟಸ್ ಫಾರೆಸ್ಟ್ ಡ್ರೈವ್‌ನಲ್ಲಿ ಹೋಗುವಾಗ ಬೆಟ್ಟದ ಇಳಿಜಾರುಗಳಲ್ಲಿ ಒಣಹುಲ್ಲಿನ ಬಣ್ಣದ ತೇಪೆಗಳು ಕಂಡರೆ ಎಷ್ಟೋ ಪ್ರವಾಸಿಗಳು ಚೆನ್ನಾಗಿದೆ ಅನ್ನುತ್ತಾರೆ. ನನಗೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ.

ಇದನ್ನು ಕೀಳಬಹುದು. ಪಾರ್ಕಿನವರು, ಟೂಸಾನ್ ಜನ ವರ್ಷಗಳಿಂದ ಕೀಳುತ್ತಿದ್ದಾರೆ. ಕೀಳುತ್ತಲೇ ಇದ್ದ ಜಾಗಗಳು ನಿಜವಾಗಿಯೂ ಬರಿದಾಗಿವೆ. ಕಳೆದ ಚಳಿಗಾಲದಿಂದ ನಾನೂ ಹೋಗುತ್ತಿದ್ದೇನೆ. ಬುಡ ಗಟ್ಟಿ, ಕೈಯಲ್ಲಿ ಬರುವುದಿಲ್ಲ. ಹಾರೆ ಹಾಕಿ ಮೀಟಬೇಕು, ಬೇರಿನ ಮಣ್ಣು ಉದುರಿಸಿ ಚೀಲಕ್ಕೆ ತುಂಬಬೇಕು. ಒಂದು ಬೆಳಗಿನ ಕೆಲಸದಲ್ಲಿ ನಮ್ಮ ಗುಂಪು ಶುಚಿ ಮಾಡುವುದು ಸಣ್ಣ ಇಳಿಜಾರೊಂದನ್ನು ಮಾತ್ರ. ಅವ್ವನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ಕಳೆ ಕೀಳಕ್ಕೆ ಅಲ್ಲಿಗೂ ಹೋಗ್ಬೇಕಿತ್ತಾ" ಅಂದಳು. ಆಮೇಲೆ ಹಾರೆಯನ್ನು ಎಲ್ಲಿ ಹಿಡಿಯಬೇಕು, ಸೊಂಟ ಹಿಡಿಯದಂತೆ ಹೇಗೆ ಬಗ್ಗಬೇಕು ಅಂತ ಬಹಳ ಹೊತ್ತು ಹೇಳಿಕೊಟ್ಟಳು.

ಈ ಕಡೆ ಬರುವವರಿಗೆ ನನ್ನದೊಂದು ಕೋರಿಕೆ. ಸುತ್ತು ರಸ್ತೆಗೆ ಅರ್ಧ ಗಂಟೆ ಬದಲು ಅರ್ಧ ದಿನ ಇಟ್ಟುಕೊಳ್ಳಿ. ದೊಡ್ಡದರ ಪಕ್ಕ ಫೋಟೋ ತೆಗೆಸಿಕೊಂಡ ಮೇಲೆ ಡೆಸರ್ಟ್ ಇಕಾಲಜಿ ಟ್ರೇಲ್‌ನಲ್ಲಿ ಇಳಿಯಿರಿ. ದಾರಿ ಬಿಟ್ಟು ಹೋಗಬೇಡಿ, ಅಂಚಿನಲ್ಲೇ ಕೂತು ಮುಳ್ಳುಮರಗಳ ಅಡಿಗೆ ಇಣುಕಿ ನೋಡಿ. ಚೋಯಾ ಕಳ್ಳಿಯಿಂದ ದೂರ ಇರಿ, ಸುಮ್ನೆ ತಗುಲಿದರೂ ತುಂಡೇ ಕಳಚಿ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಬಾಚಣಿಗೆ ಇಟ್ಟುಕೊಂಡಿದ್ದರೆ ಅದರಿಂದ ಎಬ್ಬಿ ತೆಗೆಯಬಹುದು. ಮಳೆಗಾಲದಲ್ಲಿ ರಸ್ತೆ ಮೇಲೆ ಹಳ್ಳ ಹರಿಯುತ್ತಿದ್ದರೆ ಗಾಡಿ ಇಳಿಸಬೇಡಿ. ಫೀನಿಕ್ಸ್, ಟೂಸಾನ್ ಸುತ್ತಮುತ್ತ ಇರುವ ಕನ್ನಡದವರು ಚಳಿಗಾಲದಲ್ಲಿ ಹುಲ್ಲು ಕೀಳಲು ಬರುವುದಾದರೆ ಹೇಳಿ. ಹಾರೆ ಅಲ್ಲಿ ಕೊಡುತ್ತಾರೆ. ಗ್ಲೌಸ್, ನೀರು, ಗಟ್ಟಿ ಬೂಟು ನಿಮ್ಮದು. ಚಾಂಡ್ಲರ್‌ನಿಂದ ಬೆಳಗ್ಗೆ ಐದಕ್ಕೆ ಹೊರಡುತ್ತೇವೆ, ಕಾರಿನಲ್ಲಿ ಜಾಗ ಇದೆ, ಚಿತ್ರಾನ್ನ ನಾನು ಕಟ್ಟಿಕೊಂಡು ಬರುತ್ತೇನೆ.